ಸೀಟಿನಲ್ಲಿಲ್ಲದ ಚಿರತೆ

ಮೈಸೂರು ಮೃಗಾಲಯದ ಆಡಳಿತದಲ್ಲಿ ಒಂದು ದೊಡ್ಡ ಲೋಪವಿದೆ. 1892ರಲ್ಲಿ ಶುರುವಾದ ಸಂಸ್ಥೆ. ಹತ್ತು ಎಕರೆಯಿಂದ 157 ಎಕರೆಗೆ ಬೆಳೆದಿದೆ. ಇಷ್ಟಾದರೂ ಪ್ರಾಣಿಗಳಿಗೆ ಒಂದು ಹಾಜರಾತಿ ಪುಸ್ತಕ ಇಟ್ಟಿಲ್ಲ.

ತಾಲ್ಲೂಕು ಕಚೇರಿಯೇ ವಾಸಿ. ಅಲ್ಲಿ ಸಾಹೇಬರು ಸೀಟಿನಲ್ಲಿ ಇಲ್ಲದಿದ್ದರೆ ಕುರ್ಚಿಯ ಮೇಲೆ ಅವರ ಟವೆಲ್ ಆದರೂ ಇರುತ್ತದೆ. ಜವಾನ ಬಂದು, 'ಮೀಟಿಂಗ್ ಅದೆ, ನಾಳೆ ಬನ್ನಿ' ಅನ್ನುತ್ತಾನೆ. ಇಲ್ಲಿ ನೋಡಿದರೆ ಬೋರ್ಡ್ ಮಾತ್ರ ಇದೆ. ಚಿರತೆ, ವೈಜ್ಞಾನಿಕ ಹೆಸರು, ಆಹಾರ, ಆಯುಷ್ಯ, ಒಂದು ಭರ್ಜರಿ ಫೋಟೊ. ಬೋರ್ಡಿನ ಹಿಂದೆ ಹುಲ್ಲು, ಬಿದಿರು, ಒಂದು ಅಟ್ಟಣೆ. ಚಿರತೆ ಎಲ್ಲಿ ಹೋಯಿತು, ಎಷ್ಟು ಹೊತ್ತಿಗೆ ಬರುತ್ತದೆ, ಚಾರ್ಜ್ ಯಾರಿಗೆ ಕೊಟ್ಟು ಹೋಗಿದೆ? ಹೇಳುವವರೇ ಇಲ್ಲ.

ಈ ವಿಷಯದಲ್ಲಿ ನಾನು ಪೂರ್ತಿ ಸಾರ್ವಜನಿಕರ ಪರ. ಟಿಕೆಟ್‌ಗೆ ನೂರು ಚಿಲ್ಲರೆ ರೂಪಾಯಿ ಕೊಟ್ಟಿದ್ದಾರೆ. ದಸರಾ ಜನಜಾತ್ರೆಯಲ್ಲಿ ಕ್ಯೂ ನಿಂತಿದ್ದಾರೆ. ಹೆಗಲ ಮೇಲೆ ಒಂದು ಮಗು, ಕೈಯಲ್ಲಿ ಒಂದು ಮಗು. ಅಂಥವರಿಗೆ ಒಂದು ಬಾಲವಾದರೂ ಕಾಣಬೇಡವೇ? ಮೊನ್ನೆ ಹುಲಿಯ ಆವರಣದ ಮುಂದೆ ಒಬ್ಬ ಯಜಮಾನರು ಪ್ರಾಣಿಪಾಲಕನಿಗೆ ನ್ಯಾಯವಾಗಿಯೇ ಕೇಳುತ್ತಿದ್ದರು.

"ದುಡ್ಡು ಕೊಟ್ಟಿಲ್ವೇನ್ರೀ ನಾವು? ಎಬ್ಬಿಸ್ರೀ ಅದನ್ನ!"

"ಸಂಜೆ ಊಟಕ್ಕೆ ಕರೆದಾಗ ಏಳುತ್ತೆ ಸಾರ್."

"ಎಷ್ಟೊತ್ತಿಗೆ?"

"ನೀವೆಲ್ಲಾ ಹೊರಗೆ ಹೋದ್ಮೇಲೆ ಸಾರ್."

ನೋಡಿ, ಇದು ಉದ್ಧಟತನ ಅಲ್ವಾ? ಪಾಪ, ಆತ ಹೇಳಿದ್ದು ನಿಜವೇ. ಹುಲಿ, ಚಿರತೆಗಳು ದಿನದ ಹೆಚ್ಚಿನ ಹೊತ್ತನ್ನು ಮಲಗಿಯೇ ಕಳೆಯುತ್ತವೆ. ಓಡಾಡುವುದೇನಿದ್ದರೂ ಮುಂಜಾನೆ, ಮುಸ್ಸಂಜೆ, ರಾತ್ರಿ. ಕತ್ತೆಕಿರುಬ, ಮುಳ್ಳುಹಂದಿ, ಪುನುಗು ಬೆಕ್ಕುಗಳಿಗಂತೂ ಕತ್ತಲಾದ ಮೇಲೆಯೇ ಬೆಳಗು. ಮೃಗಾಲಯದ ಸಮಯ ಬೆಳಿಗ್ಗೆ 8.30ರಿಂದ ಸಂಜೆ 5.30. ಅಂದರೆ ಅವೆಲ್ಲ ಗೊರಕೆ ಹೊಡೆಯುವ ಹೊತ್ತನ್ನು ಸರಿಯಾಗಿ ಹುಡುಕಿ ನಾವು ಬಾಗಿಲು ತೆರೆದಿದ್ದೇವೆ. ಸಿಂಗಾಪುರದವರು 1994ರಲ್ಲಿ ರಾತ್ರಿಯೇ ತೆರೆಯುವ ಒಂದು ಮೃಗಾಲಯ ಮಾಡಿಕೊಂಡರು. ಪ್ರಾಣಿಗೆ ತಕ್ಕಂತೆ ಮನುಷ್ಯ ಸಮಯ ಬದಲಿಸಿಕೊಳ್ಳುವುದು. ಎಂಥ ಅವಮಾನ! ನಾವು ಹಾಗೆ ಬಗ್ಗುವವರಲ್ಲ. ಚಪ್ಪಾಳೆ ತಟ್ಟುತ್ತೇವೆ, ಶಿಳ್ಳೆ ಹಾಕುತ್ತೇವೆ. 'ಏಯ್ ಟೈಗರ್' ಎಂದು ಹಳೇ ದೋಸ್ತನ ಹಾಗೆ ಕರೆಯುತ್ತೇವೆ. ಅದಕ್ಕೂ ಏಳದಿದ್ದರೆ ಕಡಲೆಕಾಯಿ ಎಸೆಯುತ್ತೇವೆ. ಹುಲಿ ಕಡಲೆಕಾಯಿ ತಿನ್ನುತ್ತದೆಯೇ ಎಂದು ಯಾರೂ ಕೇಳಬಾರದು. ಮೃಗಾಲಯದ ಪ್ರಾಣಿಯನ್ನು ಚುಡಾಯಿಸಿದರೆ, ತಿನ್ನಲು ಕೊಟ್ಟರೆ ಆರು ತಿಂಗಳವರೆಗೆ ಜೈಲು ಎಂದು 1972ರ ವನ್ಯಜೀವಿ ಕಾಯ್ದೆ ಹೇಳುತ್ತದೆ. ಅಲ್ಲಲ್ಲಿ ಬೋರ್ಡೂ ಹಾಕಿದ್ದಾರೆ. ಆ ಬೋರ್ಡಿಗೆ ಒರಗಿಕೊಂಡು ನಿಂತರೆ ಶಿಳ್ಳೆ ಚೆನ್ನಾಗಿ ಬರುತ್ತದೆ.

ಇನ್ನು ಮಂಗಳವಾರದ ವಿಷಯ. ಮೃಗಾಲಯ ವಾರಕ್ಕೊಮ್ಮೆ ಜನರಿಗೆ ಬಾಗಿಲು ಹಾಕಬೇಕು ಎಂದು ಕೇಂದ್ರದ ನಿಯಮವೇ ಇದೆ. ಮೈಸೂರಿನಲ್ಲಿ ಆ ದಿನ ಮಂಗಳವಾರ. ನನಗೆ ಗುಮಾನಿ, ಚಿರತೆ ಹೊರಗೆ ಬಂದು ಮೈಮುರಿದು, ಆವರಣವನ್ನೆಲ್ಲ ಸುತ್ತಿ, ಬೋರ್ಡಿನ ಮುಂದೆ ಪೋಸು ಕೊಡುವುದು ಅವತ್ತೇ ಇರಬೇಕು. ದಸರಾ, ಬೇಸಿಗೆ ರಜೆ ಬಂದರೆ ಆ ಮಂಗಳವಾರವನ್ನೂ ನಾವು ಬಿಡುವುದಿಲ್ಲ ಅನ್ನುವುದೊಂದು ಸಮಾಧಾನ.

ಪ್ರಾಣಿ ಕಾಣದಿದ್ದರೆ ನಮ್ಮ ಜನ ಸುಮ್ನೆ ವಾಪಸು ಹೋಗುತ್ತಾರೆ ಅಂದುಕೊಳ್ಳಬೇಡಿ. ಕಾಣಿಸಿಕೊಂಡೇ ಹೋಗುತ್ತಾರೆ. ಕರಿಚಿರತೆಯ ಆವರಣದ ಮುಂದೆ ಒಂದು ಭಾನುವಾರ ನಿಂತು ನೋಡಿ. ಮೊದಲು ಒಬ್ಬ ಬೆರಳು ತೋರಿಸುತ್ತಾನೆ. "ಅಲ್ಲಿ, ಅಲ್ಲಿ, ಆ ದಿಮ್ಮಿ ಪಕ್ಕ! ಕಿವಿ ಅಲ್ಲಾಡ್ತು!" ಅವನ ಹೆಂಡತಿಗೆ ಎರಡು ಕಿವಿ ಕಾಣಿಸುತ್ತವೆ. ಹಿಂದೆ ನಿಂತ ಕಾಲೇಜು ಹುಡುಗರಿಗೆ ಕಣ್ಣು ಹೊಳೆದದ್ದು ಕಾಣುತ್ತದೆ. ಒಬ್ಬರಿಗೆ ಬಾಲ, ಒಬ್ಬರಿಗೆ ಉಗುರು. ಹೀಗೆ ಹತ್ತು ನಿಮಿಷದಲ್ಲಿ ಸಾರ್ವಜನಿಕರ ಸಹಕಾರದಿಂದ ಒಂದು ಪೂರ್ಣ ಪ್ರಮಾಣದ ಕರಿಚಿರತೆ ತಯಾರಾಗುತ್ತದೆ. ಒಂದು ಪುಟ್ಟ ಹುಡುಗಿ ಮಾತ್ರ, "ಅಪ್ಪಾ, ಅದು ಮರದ ಬೇರು" ಅನ್ನುತ್ತಾಳೆ. ಅವಳ ಟಿಕೆಟ್ ಅರ್ಧ ದರದ್ದು, ಅವಳ ಮಾತಿಗೂ ಅಷ್ಟೇ ಬೆಲೆ. ಅಪ್ಪ ಅವಳನ್ನು ಎತ್ತಿಕೊಂಡು, "ಸರಿಯಾಗಿ ನೋಡು ಪುಟ್ಟಿ" ಎಂದು ಗದರಿಸುತ್ತಾರೆ. ಪುಟ್ಟಿಗೂ ಕಂಡುಬಿಡುತ್ತದೆ. ಎಲ್ಲರೂ ಫೋಟೊ ತೆಗೆಯುತ್ತಾರೆ. ಸಂಜೆ ಅಷ್ಟೂ ಜನರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದೇ ಬೇರು, ಕೆಳಗೆ 'ಬ್ಲ್ಯಾಕ್ ಪ್ಯಾಂಥರ್' ಅಂತ ಬರಹ. ನೋಡಿದ ನೆಂಟರೆಲ್ಲ ಹೆಬ್ಬೆರಳು ಒತ್ತುತ್ತಾರೆ. ಅವರೂ ಹಿಂದಿನ ವರ್ಷ ಅದೇ ಬೇರನ್ನು ನೋಡಿದವರು.

ಹೆಸರಿನ ವಿಷಯ ಕೇಳಲೇಬೇಡಿ. ನಮ್ಮಲ್ಲಿ ಚುಕ್ಕೆ ಇದ್ದದ್ದೆಲ್ಲ ಚೀತಾ. ಚಿರತೆಯೂ ಚೀತಾ, ಜಾಗ್ವಾರೂ ಚೀತಾ, ದೂರದಿಂದ ಕಂಡರೆ ಕತ್ತೆಕಿರುಬವೂ ಚೀತಾ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೈಸೂರಿಗೆ ನಿಜವಾದ ಚೀತಾಗಳೇ ಬಂದಾಗ ಮನೆಯ ಯಜಮಾನರೆಲ್ಲ ಕಷ್ಟಕ್ಕೆ ಸಿಕ್ಕಿಕೊಂಡರು. ಕಣ್ಣಿನಿಂದ ಬಾಯಿಯವರೆಗೆ ಕಪ್ಪು ಗೆರೆ ಇಳಿದಿದೆ, ಕಾಲು ಸಪೂರ, ತಲೆ ಸಣ್ಣದು. ಇದು ತಾವು ಇಷ್ಟು ವರ್ಷ ಮಕ್ಕಳಿಗೆ ತೋರಿಸಿದ ಚೀತಾ ಅಲ್ಲವಲ್ಲ! ನಮ್ಮ ಭಾವ ಒಂದು ಕ್ಷಣವೂ ತಡಮಾಡಲಿಲ್ಲ. "ಊಟ ಸರಿಯಾಗಿ ಹಾಕ್ತಿಲ್ಲ, ಸೊರಗಿ ಹೋಗಿದೆ" ಎಂದು ತೀರ್ಪು ಕೊಟ್ಟು ಮುಂದೆ ನಡೆದರು.

ಹಳೆಯ ಕಾಲದ ಮೃಗಾಲಯಗಳಲ್ಲಿ ಈ ತಾಪತ್ರಯ ಇರಲಿಲ್ಲ. ಸರಳಿನ ಪಂಜರ, ಸಿಮೆಂಟಿನ ನೆಲ. ಹುಲಿ ಮಲಗಿದರೂ ನಮ್ಮೆದುರೇ ಮಲಗಬೇಕು. ಈಗ ಕಂದಕ, ಮರಗಿಡ, ಕೊಳ, ಬಚ್ಚಿಟ್ಟುಕೊಳ್ಳಲು ಮರೆ. ಜನರ ಕಣ್ಣಿಂದ ತಪ್ಪಿಸಿಕೊಳ್ಳುವ ಜಾಗ ಇಲ್ಲದಿದ್ದರೆ ಪ್ರಾಣಿ ಒತ್ತಡಕ್ಕೆ ಬೀಳುತ್ತದಂತೆ. ಗೂಡಿನೊಳಗೆ ಅತ್ತಿಂದಿತ್ತ, ಇತ್ತಿಂದತ್ತ ಶತಪಥ ಹಾಕುತ್ತದಂತೆ. ಹಾಕಲಿ ಬಿಡಿ, ಆಗಲೇ ಅಲ್ಲವೇ ಎರಡೂ ಪಕ್ಕದಿಂದ ಚೆನ್ನಾಗಿ ಕಾಣುವುದು?

ದತ್ತು ತೆಗೆದುಕೊಂಡವರ ಪಾಡು ಇನ್ನೊಂದು. 2021ರ ಲಾಕ್‌ಡೌನ್‌ನಲ್ಲಿ ಮೃಗಾಲಯಗಳು ಬಾಗಿಲು ಹಾಕಿ ಆದಾಯವಿಲ್ಲದೆ ಕೂತಿದ್ದವು. ಆಗ ಸಿನಿಮಾ ನಟರೊಬ್ಬರ ಕರೆಗೆ ಓಗೊಟ್ಟು ರಾಜ್ಯದ ಜನ ದುಡ್ಡು ಕಟ್ಟಿ ಪ್ರಾಣಿಗಳನ್ನು ದತ್ತು ಪಡೆದರು. ಒಳ್ಳೆಯ ಕೆಲಸ, ಅದರಲ್ಲಿ ತಮಾಷೆ ಇಲ್ಲ. ತಮಾಷೆ ಬರುವುದು ಆಮೇಲೆ. ಸರ್ಟಿಫಿಕೇಟ್ ಹಿಡಿದು ಸಂಸಾರ ಸಮೇತ ಬಂದು, "ನಮ್ಮದು ಯಾವುದು? ಸ್ವಲ್ಪ ಈ ಕಡೆ ಕಳಿಸಿ" ಅನ್ನುವಾಗ.

ಇದೇ ಜನ ಕಬಿನಿಗೆ ಹೋದರೆ ಬೇರೆಯೇ ಮನುಷ್ಯರು. ಅಲ್ಲಿ ತಲೆಗೆ ಸಾವಿರಾರು ರೂಪಾಯಿ ಕೊಟ್ಟು, ನಸುಕಿನಲ್ಲಿ ಎದ್ದು, ಜೀಪಿನಲ್ಲಿ ಸೊಂಟ ಕುಲುಕಿಸಿಕೊಂಡು, ಎರಡು ಜಿಂಕೆ ಒಂದು ನವಿಲು ನೋಡಿ ಬರುತ್ತಾರೆ. ಬೇಜಾರೇ ಇಲ್ಲ. "ಹುಲಿ ಕಾಣದಿದ್ರೂ ಕಾಡಿನ ಅನುಭವ ಇದೆಯಲ್ಲ, ಅದೇ ದೊಡ್ಡದು" ಎಂದು ಪಿಸುಮಾತಿನಲ್ಲಿ ಹೇಳುತ್ತಾರೆ. ನೂರು ರೂಪಾಯಿಗೆ ಕಾಣದ ಚಿರತೆ ಮೋಸ, ಸಾವಿರಾರು ರೂಪಾಯಿಗೆ ಕಾಣದ ಚಿರತೆ ಅನುಭವ. ಹಾಗಾದರೆ ಮೃಗಾಲಯದವರು ಟಿಕೆಟ್ ದರ ಏರಿಸಿದರೆ ಸಾಕೇನೋ, ದೂರುಗಳೆಲ್ಲ ನಿಂತುಹೋಗಬಹುದು.

ಅಲ್ಲಿಯವರೆಗೆ ನನ್ನ ಬೇಡಿಕೆಗಳು ಸರಳ. ಪ್ರತಿ ಚಿರತೆಗೂ ಬಯೋಮೆಟ್ರಿಕ್ ಹಾಜರಾತಿ ಬೇಕು, ಬೆಳಿಗ್ಗೆ ಬಂದು ಪಂಜ ಒತ್ತಬೇಕು. ಪೊದೆಯೊಳಗೆ ಹೋಗುವುದಿದ್ದರೆ ರಜೆ ಚೀಟಿ ಬರೆದಿಟ್ಟು ಹೋಗಬೇಕು. ಈಗ ಖಾಯಂ ನೌಕರರೆಲ್ಲ ನಿದ್ದೆ ಮಾಡುತ್ತಾರೆ. ದುಡಿಯುವವರು ಯಾರು? ಪಕ್ಕದ ಕಾರಂಜಿ ಕೆರೆ ಕಡೆಯಿಂದ ಹಾರಿಬರುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು. ಪಂಜರವಿಲ್ಲ, ಬೋರ್ಡಿಲ್ಲ, ಸಂಬಳವಿಲ್ಲ. ತಲೆಯ ಮೇಲಿನ ಮರದಲ್ಲೇ ಕೂತು ಇಡೀ ದಿನ ದರ್ಶನ ಕೊಡುತ್ತವೆ. ಅವುಗಳನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ, ಮೇಲೆ ಏನಾದರೂ ಬಿದ್ದಾಗ ಬಿಟ್ಟು. ಪುಕ್ಕಟೆ ಕಂಡದ್ದಕ್ಕೆ ನಮ್ಮಲ್ಲಿ ಎಂದಾದರೂ ಬೆಲೆ ಇತ್ತೇ?

ಚಿರತೆಗಳಿಗೆ ಕಾಣಿಸಿಕೊಳ್ಳಲು ಬರುವುದೇ ಇಲ್ಲ ಎಂದೇನೂ ಅಲ್ಲ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಭಾನುವಾರ ಬಂದ ಚಿರತೆಯನ್ನು ದೇಶವೇ ಟಿವಿಯಲ್ಲಿ ನೋಡಿತು. ಕಷ್ಟಪಟ್ಟು ಹಿಡಿದು ಬನ್ನೇರುಘಟ್ಟಕ್ಕೆ ಸಾಗಿಸಿದರು. ಸರಿಯಾಗಿ ಎಲ್ಲರೂ ನೋಡುವ ಜಾಗಕ್ಕೆ ಬಂದ ಮೇಲೆ ಅದು ಅಲ್ಲಿಂದಲೂ ತಪ್ಪಿಸಿಕೊಂಡು ಹೋಯಿತು.

ಮೈಸೂರಿನದು ಇನ್ನೂ ಚೆಂದ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಕ್ಯಾಂಪಸ್ಸಿನ ಸಿಸಿಟಿವಿಯಲ್ಲಿ ಒಂದು ಚಿರತೆ ಕಾಣಿಸಿಕೊಂಡಿತು. ಆ ಕ್ಯಾಂಪಸ್ಸು ಮೃಗಾಲಯಕ್ಕಿಂತ ಎರಡು ಪಟ್ಟಿಗೂ ದೊಡ್ಡದು. ಮರಗಳಿವೆ, ಹುಲ್ಲುಹಾಸಿದೆ, ಒಳಗೆ ಸಾವಿರಾರು ಜೀವಗಳಿವೆ. ಚಿರತೆಗೆ ಇದೊಂದು ಒಳ್ಳೆಯ ಮೃಗಾಲಯದ ಹಾಗೇ ಕಂಡಿರಬೇಕು. ಆದರೆ ಬೆಳಗಾಗುತ್ತಲೇ ಉದ್ಯೋಗಿಗಳಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದರು. ಒಳಗಿದ್ದವರಿಗೆ ಬಾಗಿಲು ಹಾಕಿಕೊಂಡಿರಿ ಎಂದರು. ಅರಣ್ಯ ಇಲಾಖೆಯವರು ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಡ್ರೋನ್ ಹಾರಿಸಿದರು. ಚಿರತೆ ಸಿಗಲಿಲ್ಲ.

ಅದರ ಕಡೆಯಿಂದಲೂ ಒಂದು ದೂರು ಇದ್ದೀತು. ಅಷ್ಟು ದೂರದಿಂದ, ಅಷ್ಟು ಎತ್ತರದ ಬೇಲಿ ದಾಟಿ ಬಂದಿತ್ತು. ಗೇಟಿನಲ್ಲಿ ದೊಡ್ಡ ಬೋರ್ಡೂ ಇತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರೂ ಕಣ್ಣಿಗೆ ಬೀಳಲಿಲ್ಲ, ಎಲ್ಲರೂ ಮರೆಯಲ್ಲಿ. ಚಪ್ಪಾಳೆ ತಟ್ಟಿ ಎಬ್ಬಿಸೋಣವೆಂದರೆ ಅದಕ್ಕೆ ಕೈ ಬೇರೆ ಇಲ್ಲ.