ಹೇಗ್ ಕೊನೆಯ ಬಾಗಿಲು ಮಾತ್ರ

ಯುದ್ಧಾಪರಾಧದ ಮಾತು ಬಂದರೆ ಕಾರವಾರ ಕೋರ್ಟಿನ ಹತ್ತಿರದ ಚಹಾ ಅಂಗಡಿಯಲ್ಲೂ ಒಂದೇ ಉತ್ತರ: "ಅದೆಲ್ಲ ಹೇಗ್ ಕೋರ್ಟ್ ನೋಡ್ಕೊಳ್ತದೆ, ಬಿಡು ಮಾರಾಯಾ." ಅರಗದಲ್ಲಿ ನೌಕಾನೆಲೆ ಇರುವ, ಬೀಚಿನ ಪಕ್ಕ ‘ಚಪಲ್’ ಹೆಸರಿನ ಹಳೆಯ ಯುದ್ಧನೌಕೆ ನಿಲ್ಲಿಸಿಕೊಂಡ ಊರು ನಮ್ಮದು. ಯುದ್ಧದ ಬಗ್ಗೆ ನಾವು ಜಾಸ್ತಿಯೇ ಮಾತಾಡುತ್ತೇವೆ. ಯುದ್ಧದಲ್ಲಿ ನಿರಪರಾಧಿಯನ್ನು ಕೊಂದವನ ಮೇಲೆ ಕೇಸು ಹಾಕುವವರು ಯಾರು ಅಂತ ಮಾತ್ರ ಕೇಳುವುದಿಲ್ಲ.

ನೆದರ್ಲೆಂಡ್ಸ್‌ನ ಹೇಗ್ ಊರಿನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು 2002ರಲ್ಲಿ ಶುರುವಾದದ್ದೇ ಒಂದು ಷರತ್ತಿನ ಮೇಲೆ. ದೇಶಗಳಿಗೆ ತಾವೇ ವಿಚಾರಣೆ ಮಾಡಲು ಆಗದಿದ್ದರೆ, ಅಥವಾ ಮನಸ್ಸಿಲ್ಲದಿದ್ದರೆ ಮಾತ್ರ ಅದು ಕೈ ಹಾಕುತ್ತದೆ. ಅಂದರೆ ನಿಜವಾದ ಕೆಲಸ ಆಯಾ ದೇಶದ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ವಕೀಲರ, ಕಚೇರಿಯದ್ದು.

ಜರ್ಮನಿ ನೋಡಿ. ಅಲ್ಲಿನ ಫೆಡರಲ್ ಪ್ರಾಸಿಕ್ಯೂಟರ್ ಕಚೇರಿ ಕಾರ್ಲ್ಸ್‌ರೂಹೆ ಊರಿನಲ್ಲಿದೆ. 2002ರ ಕಾಯ್ದೆಯ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಸತ್ತವರು ಯಾವ ದೇಶದವರೇ ಆಗಿರಲಿ, ಈ ಕಚೇರಿ ತನಿಖೆ ಶುರು ಮಾಡಬಹುದು. 2011ರಲ್ಲೇ ಸಿರಿಯಾ ಸರ್ಕಾರ ತನ್ನ ಜನರಿಗೆ ಕೊಟ್ಟ ಹಿಂಸೆಯ ಬಗ್ಗೆ ಫೈಲ್ ತೆರೆದರು. ಆಗ ಇಂಥವನೇ ಆರೋಪಿ ಅಂತ ಹೆಸರೇ ಇರಲಿಲ್ಲ! ಓಡಿ ಬಂದ ನಿರಾಶ್ರಿತರ ಹೇಳಿಕೆ, ಫೋಟೋ, ಯಾವ ಜೈಲಿನಲ್ಲಿ ಯಾರ ಕೈಕೆಳಗೆ ಯಾರಿದ್ದರು ಎಂಬ ವಿವರ, ಎಲ್ಲ ಕೂಡಿಡುತ್ತ ಹೋದರು.

ಅನ್ವರ್ ರಸ್ಲಾನ್ ಸಿರಿಯಾದ ರಾಜಧಾನಿ ಡಮಾಸ್ಕಸ್‌ನ ಗುಪ್ತಚರ ಶಾಖೆ 251ರಲ್ಲಿ ವಿಚಾರಣಾ ವಿಭಾಗದ ಮುಖ್ಯಸ್ಥನಾಗಿದ್ದವ. ಆಮೇಲೆ ಜರ್ಮನಿಯಲ್ಲಿ ಆಶ್ರಯ ಪಡೆದ. 2015ರಲ್ಲಿ, ತನ್ನನ್ನು ಯಾರೋ ಹಿಂಬಾಲಿಸುತ್ತಿದ್ದಾರೆ ಅಂತ ತಾನೇ ಬರ್ಲಿನ್ ಪೊಲೀಸರ ಹತ್ತಿರ ದೂರು ಕೊಡಲು ಹೋದ. ಅಲ್ಲಿ ತನ್ನ ಹಳೆಯ ನೌಕರಿಯ ಕತೆಯನ್ನೂ ಹೇಳಿದ. 2019ರಲ್ಲಿ ಬಂಧನವಾಯಿತು. 2022ರ ಜನವರಿಯಲ್ಲಿ ಕೊಬ್ಲೆಂಜ್ ಕೋರ್ಟು 27 ಕೊಲೆ, ಕನಿಷ್ಠ 4,000 ಜನರಿಗೆ ಚಿತ್ರಹಿಂಸೆ ಅಂತ ಜೀವಾವಧಿ ಶಿಕ್ಷೆ ಕೊಟ್ಟಿತು. ಕಲಾಪ ನಡೆದದ್ದು ಜರ್ಮನ್‌ನಲ್ಲಿ. ನೋಡಲು ಬಂದ ಸಿರಿಯಾದವರಿಗೆ ಏನೂ ಅರ್ಥವಾಗುತ್ತಿರಲಿಲ್ಲ, ಥೇಟ್ ನಮ್ಮ ಹಾಲಕ್ಕಿ ಅಜ್ಜಿ ಇಂಗ್ಲಿಷ್ ಆರ್ಡರ್ ಕೇಳುತ್ತ ಕೋರ್ಟಿನಲ್ಲಿ ನಿಂತ ಹಾಗೆ. ಅರಬ್ಬಿ ಪತ್ರಕರ್ತರಿಗೆ ಅನುವಾದ ಸಿಗಬೇಕಾದರೂ ಅಲ್ಲಿನ ಸಂವಿಧಾನ ನ್ಯಾಯಾಲಯದ ಆದೇಶ ಬೇಕಾಯಿತು.

ಹಾಗಂತ ಆ ಕಚೇರಿಯನ್ನು ನಾನು ತಲೆಯ ಮೇಲೆ ಹೊತ್ತುಕೊಳ್ಳುವುದಿಲ್ಲ. ಇರಾಕ್‌ನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಗಾಗಿ ಅಮೆರಿಕದ ರಕ್ಷಣಾ ಸಚಿವರಾಗಿದ್ದ ರಮ್ಸ್‌ಫೆಲ್ಡ್ ಮೇಲೆ ದೂರು ಬಂದಾಗ 2005ರಲ್ಲೂ 2007ರಲ್ಲೂ ಅದೇ ಕಚೇರಿ ತನಿಖೆ ಬೇಡ ಎಂದಿತ್ತು. ಸಿರಿಯಾದ ಕರ್ನಲ್ ರಸ್ಲಾನ್‌ಗೆ ಒಂದು ನ್ಯಾಯ, ಅಮೆರಿಕದ ಸಚಿವನಿಗೆ ಇನ್ನೊಂದು ಅಲ್ವಾ?

ಉಕ್ರೇನ್ ಅಂತೂ ಯುದ್ಧ ನಡೆಯುತ್ತಿರುವಾಗಲೇ ಕೇಸು ನಡೆಸಿತು. ನಿರಾಯುಧ ಮುದುಕನೊಬ್ಬನನ್ನು ಗುಂಡಿಟ್ಟು ಕೊಂದ 21 ವರ್ಷದ ರಷ್ಯನ್ ಸೈನಿಕನಿಗೆ 2022ರ ಮೇ ತಿಂಗಳಲ್ಲಿ ಜೀವಾವಧಿ. ಅಪೀಲಿನಲ್ಲಿ ಅದು 15 ವರ್ಷಕ್ಕೆ ಇಳಿಯಿತು. ಶತ್ರುವಿನ ಸೈನಿಕನ ಅಪೀಲನ್ನೂ ಕೇಳಿ ಶಿಕ್ಷೆ ಇಳಿಸಿದ್ದು ನನಗೆ ಹಿಡಿಸಿತು.

ಇನ್ನು ನಮ್ಮದು. ಇಲ್ಲಿ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಕೈಗೆ ಕೇಸು ಬರುವಷ್ಟರಲ್ಲಿ ಪೊಲೀಸರ ತನಿಖೆ ಮುಗಿದು ಚಾರ್ಜ್‌ಶೀಟ್ ಆಗಿರುತ್ತದೆ. ಪಂಚನಾಮೆ ಹಾಳಾಗಿದ್ದರೂ ಅದನ್ನೇ ಹಿಡಿದು ವಾದಿಸಬೇಕು. ಜರ್ಮನಿಯಲ್ಲಿ ಮೊದಲ ದಿನದಿಂದ ತನಿಖೆಯ ಚುಕ್ಕಾಣಿಯೇ ಪ್ರಾಸಿಕ್ಯೂಟರ್ ಕೈಯಲ್ಲಿ.

ಕಾನೂನು ಇಲ್ಲ ಅನ್ನಬೇಡಿ. ಯುದ್ಧದಲ್ಲಿ ಗಾಯಾಳು, ಸೆರೆಯಾಳು, ನಾಗರಿಕರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಜಿನೀವಾ ಒಪ್ಪಂದಗಳಿಗೆ ಸಂಬಂಧಿಸಿದ 1960ರ ಕಾಯ್ದೆ ಇದೆ. ಭಾರತದ ಒಳಗಾಗಲಿ ಹೊರಗಾಗಲಿ, ಯಾರೇ ಗಂಭೀರ ಯುದ್ಧಾಪರಾಧ ಮಾಡಿದರೂ ಶಿಕ್ಷೆ ಅಂತ ಅದರಲ್ಲೇ ಬರೆದಿದೆ. ಆದರೆ 17ನೇ ಸೆಕ್ಷನ್ ಪ್ರಕಾರ ಸರ್ಕಾರ ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ದೂರು ಕೊಟ್ಟರೆ ಮಾತ್ರ ಕೋರ್ಟು ಅಂಥ ಕೇಸನ್ನು ಮುಟ್ಟಬಹುದು. ಬದುಕಿ ಬಂದವರು ಎದುರು ನಿಂತು ಹೇಳಿದರೂ ಲೆಕ್ಕಕ್ಕಿಲ್ಲ. ಆ ಸೆಕ್ಷನ್ ತಿದ್ದಬೇಕು. ದೂರು ಕೊಡುವ ಅಧಿಕಾರ ಮಂತ್ರಿಯ ಮರ್ಜಿ ಕಾಯದ ಒಬ್ಬ ಪ್ರಾಸಿಕ್ಯೂಟರ್‌ಗೆ ಹೋಗಬೇಕು. ದೇಶದ ಮರ್ಯಾದೆ ಏನಾಗುತ್ತದೆ ಅಂತ ಕೇಳುವವರು ಮೊದಲು ಆ ಸೆಕ್ಷನ್ ಓದಿ ಬನ್ನಿ, ಆಮೇಲೆ ಜಗಳ ಆಡೋಣ.