ನಾಲ್ಕನೇ ಟೇಬಲ್ಲಿನ ಅಜ್ಜಿಗೆ ಯಾರು ಮಣ್ಣು ಕೊಟ್ಟರು?

ಕಳೆದ ವಾರ ಇಲ್ಲಿ ಡಂಡೀಯಲ್ಲಿ ಒಂದು ಸಭೆಗೆ ಹೋಗಿದ್ದೆ. ಸ್ಕಾಟ್ಲೆಂಡಿನ ಈ ಊರಿಗೆ ಅನಾಟಮಿ, ಅಂದರೆ ದೇಹರಚನೆಯ ಎಂಎಸ್ಸಿ ಓದಲು ಬಂದು ವರ್ಷವಾಗುತ್ತಾ ಬಂತು. ದೇಹದಾನ ಮಾಡಿದವರನ್ನು ನೆನೆಯುವ ಸಭೆ ಅದು. ಅವರ ಮನೆಯವರೂ ಬಂದಿದ್ದರು, ಓದುವ ನಾವೂ ಇದ್ದೆವು. ಮುಗಿದ ಮೇಲೆ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಕೈ ಹಿಡಿದು, "ನನ್ನ ಗಂಡನಿಂದ ನಿಮಗೆ ಏನಾದರೂ ಕಲಿಯೋಕೆ ಆಯ್ತಾ?" ಎಂದು ಕೇಳಿದರು. ಗಂಟಲು ಕಟ್ಟಿತು. ತಲೆಯಾಡಿಸಿದೆ, ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾವಿಯ ನಾಲ್ಕನೇ ಟೇಬಲ್ಲು ಕಣ್ಣ ಮುಂದೆ ಬಂತು.

ಎಂಬಿಬಿಎಸ್ ಮೊದಲ ವರ್ಷ, ಶವ ಕೊಯ್ದು ಕಲಿಯುವ ಕೋಣೆ. ಒಂದು ಟೇಬಲ್ಲಿಗೆ ಇಪ್ಪತ್ತು ಜನ ಮುತ್ತಿಕೊಂಡು ನಿಲ್ಲುತ್ತಿದ್ದೆವು. ಶವ ಕೆಡದಂತೆ ಕಾಪಾಡುವ ಫಾರ್ಮಾಲಿನ್ ಘಾಟಿಗೆ ಕಣ್ಣಲ್ಲಿ ನೀರು. ಮಧ್ಯಾಹ್ನ ಮೆಸ್ಸಿನಲ್ಲಿ ರೊಟ್ಟಿ ಮುರಿದರೆ ಬೆರಳಿಗೆ ಅದೇ ವಾಸನೆ. ನಮ್ಮ ಟೇಬಲ್ಲಿನ ಮೇಲಿದ್ದದ್ದು ಒಬ್ಬ ಅಜ್ಜಿ. ಎಡ ಮುಂಗೈ ಮೇಲೆ ಹಸಿರು ಹಚ್ಚೆ, ಚುಕ್ಕೆಗಳ ಸಾಲು, ನಡುವೆ ಒಂದು ಬಳ್ಳಿ. ಕಾಲಿನ ಎರಡನೇ ಬೆರಳಲ್ಲಿ ಕಾಲುಂಗುರ ಕೂತು ಕೂತು ಬಿದ್ದ ತಗ್ಗು. ಉಂಗುರ ಇರಲಿಲ್ಲ, ಗುರುತು ಮಾತ್ರ ಇತ್ತು.

ಹಚ್ಚೆಯ ಬಣ್ಣ ಚರ್ಮದ ಒಳಪದರದಲ್ಲಿ ಕೂರುತ್ತದೆ. ಮೇಲಿನ ಪದರ ಎಷ್ಟು ಸಲ ಉದುರಿ ಹೊಸದು ಬಂದರೂ ಅದು ಹೋಗುವುದಿಲ್ಲ. ಆ ಅಜ್ಜಿಗೆ ಚಿಕ್ಕವಳಿದ್ದಾಗ ಯಾರೋ ಹಾಕಿಸಿದ ಹಚ್ಚೆ ಅವಳು ಸತ್ತ ಮೇಲೂ ಇತ್ತು, ಫಾರ್ಮಾಲಿನ್ನಿನಲ್ಲಿ ನೆನೆದ ಮೇಲೂ ಇತ್ತು. ಮುಂಗೈ ಚರ್ಮ ಬಿಡಿಸಿದ ದಿನ ಹೋಯಿತು. ಬಿಡಿಸಿದವನು ನಾನು.

"ಇವರು ಯಾರು ಸರ್?" ಎಂದು ಕೇಳಿದ್ದೆ. "ಅನ್‌ಕ್ಲೇಮ್ಡ್" ಅಂದವರು ಮುಂದಿನ ನರ ತೋರಿಸಲು ಶುರು ಮಾಡಿದರು. ವರ್ಷ ಮುಗಿದ ಮೇಲೆ ಅವಳನ್ನು ಎಲ್ಲಿಗೆ ಒಯ್ದರು ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಕಡೆ ಮಣ್ಣು ತಪ್ಪಿಸುವವರು ಯಾರಿದ್ದಾರೆ ಹೇಳಿ? ಹೊಲದ ಬದುವಿಗೆ ಜಗಳಾಡಿ ಹತ್ತು ವರ್ಷ ಮಾತು ಬಿಟ್ಟವನೂ ಸುದ್ದಿ ಕೇಳಿದ ಕೂಡಲೇ ಸಿಕ್ಕ ಬಸ್ ಹತ್ತುತ್ತಾನೆ. ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಮಣ್ಣಿಗೆ ಹೋಗಬೇಕು ಅಂತ ಅಪ್ಪ ಈಗಲೂ ಫೋನಿನಲ್ಲಿ ಹೇಳುತ್ತಾರೆ. ಇಂಥ ಜನ ನಾವು. ಒಂದು ವರ್ಷ ದಿನಾ ಕೈ ಇಟ್ಟು ಕಲಿತ ದೇಹಕ್ಕೆ ಒಂದು ಹೂವನ್ನೂ ಇಡಲಿಲ್ಲ. ಇದಕ್ಕೆ ನನಗೆ ಸಿಟ್ಟಿದೆ. ಆ ಸಿಟ್ಟು ನನ್ನ ಮೇಲೂ ಇದೆ.

ಕಾಯ್ದೆಯ ಪ್ರಕಾರ ತಪ್ಪೇನೂ ಆಗಿರಲಿಲ್ಲ. ವಾರಸುದಾರರು ಬರದ ಶವವನ್ನು ಕಲಿಕೆಗೆ ಕೊಡಲು ನಮ್ಮಲ್ಲಿ 1957ರ ಅನಾಟಮಿ ಕಾಯ್ದೆಯೇ ಇದೆ. ಇಲ್ಲಿ ಹಾಗಲ್ಲ. ಬದುಕಿದ್ದಾಗ ಆ ಮನುಷ್ಯನೇ ಸಾಕ್ಷಿಯ ಎದುರು ಬರೆದು ಸಹಿ ಹಾಕಿರಬೇಕು. ಸತ್ತ ಮೇಲೆ ಮಕ್ಕಳು ಬಂದು ತಗೊಳ್ಳಿ ಅಂದರೂ ತಗೊಳ್ಳುವುದಿಲ್ಲ. ಇಲ್ಲಿ ಟೇಬಲ್ಲಿನ ಮೇಲೆ ಮಲಗಿದವರು ಬರುತ್ತೇನೆ ಅಂತ ಹೇಳಿ ಬಂದವರು. ನಮ್ಮ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ದೇಹಗಳನ್ನು ಥೀಲ್ ವಿಧಾನದಲ್ಲಿ ಕಾಪಾಡುತ್ತಾರೆ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಹುಟ್ಟಿದ ವಿಧಾನ ಅದು. ದೇಹ ಕಟ್ಟಿಗೆಯ ಹಾಗೆ ಸೆಟೆಯುವುದಿಲ್ಲ. ಮೊದಲ ದಿನ ಮೊಣಕೈ ಎತ್ತಿದರೆ ಸುಮ್ನೆ ಮಡಚಿಕೊಂಡಿತು, ನಾನು ಬೆಚ್ಚಿ ಹಿಂದೆ ಸರಿದೆ. ಈ ವಿಧಾನ ದುಡ್ಡಿರುವವರ ಮಾತು, ಇದನ್ನು ನಮ್ಮೂರಲ್ಲೂ ಮಾಡಿ ಅಂತ ನಾನು ಕೇಳುವುದಿಲ್ಲ. ಆದರೆ ವರ್ಷಕ್ಕೊಂದು ದಿನ ನೆನೆಯಲು ದುಡ್ಡು ಬೇಡ ಅಲ್ವಾ?

ಇವರೂ ಮೊದಲಿನಿಂದ ಹೀಗೇ ಇದ್ದವರಲ್ಲ. ಪಕ್ಕದ ಎಡಿನ್‌ಬರೋದಲ್ಲಿ 1828ರಲ್ಲಿ ಬರ್ಕ್ ಮತ್ತು ಹೇರ್ ಅನ್ನುವ ಇಬ್ಬರು 16 ಜನರನ್ನು ಕೊಂದು ಶವಗಳನ್ನು ಅನಾಟಮಿ ಕಲಿಸುವ ಡಾಕ್ಟರಿಗೆ ಮಾರಿದ್ದರು. ಆಮೇಲೆ 1832ರಲ್ಲಿ ಬಂದ ಕಾಯ್ದೆಯೂ ಬಡವರ ಛತ್ರಗಳಲ್ಲಿ ಸತ್ತು ಕೇಳುವವರಿಲ್ಲದವರನ್ನೇ ಟೇಬಲ್ಲಿಗೆ ತಂದಿತು. ನಮ್ಮ ಅಜ್ಜಿ ಬಂದ ದಾರಿಯೂ ಅದೇ. ಟೇಬಲ್ಲಿನ ಮೇಲೆ ಈಗಲೂ ಇಲ್ಲಿ ಹೆಸರು ಹೇಳುವುದಿಲ್ಲ. ಆ ಹೆಂಗಸಿನ ಗಂಡನ ದೇಹ ನಾನು ಮುಟ್ಟಿದ್ದೇ ಹೌದೋ ಅಲ್ಲವೋ, ನನಗೆ ಗೊತ್ತಾಗುವುದೂ ಇಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಳಗಾವಿಯಿಂದ ಬೈಲಹೊಂಗಲ ಒಂದು ತಾಸಿನ ದಾರಿ. ಅಲ್ಲಿನ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ಕಲಿಕೆಗೆ ಹೋಗಬೇಕು ಅಂತ ಬಯಸಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ಅದನ್ನು ಡಿಸೆಕ್ಷನ್ ಮಾಡಿದ್ದು ಅವರ ಮಗ, ಅನಾಟಮಿ ಕಲಿಸುವ ಡಾ. ಮಹಾಂತೇಶ ರಾಮಣ್ಣವರ. ತಂದೆಯ ಮಾತು ನಡೆಸಲು ತಂದೆಯ ಮೇಲೆಯೇ ಚಾಕು ಹಿಡಿದರು. ಇಷ್ಟು ದೊಡ್ಡ ಮನಸ್ಸು ಇಲ್ಲಿ ಸ್ಕಾಟ್ಲೆಂಡಿನಲ್ಲಿ ನಾನು ಇನ್ನೂ ಕೇಳಿಲ್ಲ. ಆದರೂ ಅದನ್ನು ನಾವು ಪೇಪರಿನಲ್ಲಿ ಓದಿ ಬೆರಗಾಗಿ ಬಿಟ್ಟೆವು. ನಮ್ಮ ಟೇಬಲ್ಲಿನ ತನಕ ತರಲಿಲ್ಲ.

ಅಕ್ಕನ ಮಗಳು ಬಾಗಲಕೋಟೆಯಲ್ಲಿ ಈ ವರ್ಷ ಎಂಬಿಬಿಎಸ್ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಹೇಳಿದಳು, ಈಗ ಮೊದಲ ದಿನವೇ ದೇಹದ ಮುಂದೆ ನಿಲ್ಲಿಸಿ ಪ್ರತಿಜ್ಞೆ ಮಾಡಿಸುತ್ತಾರಂತೆ. ಗೌರವದಿಂದ ನಡೆದುಕೊಳ್ಳುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳಿದರಂತೆ, ಹೂ ಹಾಕಿದರಂತೆ. ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಸಂತೋಷವಾಯಿತು, ನಿಜ.

"ಹೆಂಗಸಾ, ಗಂಡಸಾ?" ಎಂದೆ. "ಅಜ್ಜಿ ಮಾಮಾ."

"ಕೈ ಮೇಲೆ ಹಚ್ಚೆ ಇದೆಯಾ?"

"ನೋಡಿಲ್ಲ."

ಚರ್ಮ ಬಿಡಿಸುವ ಮೊದಲು ನೋಡು ಅಂದೆ.