17 ಗುರಿ, ಒಂದು ಆರ್ಡುಯಿನೊ

ವಿಶ್ವಸಂಸ್ಥೆ 2015ರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿ, ಮುಗಿಸಲು 2030ರ ತನಕ ಸಮಯ ತೆಗೆದುಕೊಂಡಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಅಷ್ಟು ತಾಳ್ಮೆಯಿಲ್ಲ. ವೈವಾ ದಿನಕ್ಕೆ ನಾಲ್ವರ ಒಂದು ಬ್ಯಾಚು ಹಸಿವು, ನೀರು, ಹವಾಮಾನ ಮೂರನ್ನೂ ಬಗೆಹರಿಸಿ, 2, 6, 13ನೇ ಗುರಿಗಳ ಬಣ್ಣದ ಚೌಕ ಅಂಟಿಸಿ, ಹಾರ್ಡ್ ಬೈಂಡಿಂಗ್ ಮಾಡಿಸಿರುತ್ತದೆ.

ಬಗೆಹರಿಸುವ ಯಂತ್ರ ಬಹುಪಾಲು ಒಂದೇ: ಸ್ಮಾರ್ಟ್ ನೀರಾವರಿ. ಒಂದು ಆರ್ಡುಯಿನೊ (ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡು), ಮಣ್ಣಿಗೆ ಚುಚ್ಚುವ ಎರಡು ಹಲ್ಲಿನ ತೇವಾಂಶ ಸೆನ್ಸರ್, ಪಂಪು ಹಾಕಿ ಆರಿಸುವ ಸ್ವಿಚ್ಚಾದ ರಿಲೇ, ರೈತನಿಗೆ ಮೆಸೇಜು ಕಳಿಸುವ ಜಿಎಸ್‌ಎಂ ಮಾಡ್ಯೂಲ್, ಥರ್ಮೋಕೋಲಿನ ಹೊಲ, ಪ್ಲಾಸ್ಟಿಕ್ ಹುಲ್ಲು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಚೀಲದಲ್ಲಿ.

ಈ ಜಿಎಸ್‌ಎಂ ಮಾಡ್ಯೂಲ್ ಮೊಬೈಲ್ ನೆಟ್‌ವರ್ಕ್ ಹಿಡಿಯುವಾಗ ಕ್ಷಣಕಾಲ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿ ನಂಬಿದ ಬೋರ್ಡು ಅಷ್ಟು ಕೊಡಲಾರದೆ ರೀಸೆಟ್ ಆಗುತ್ತಲೇ ಇರುತ್ತದೆ. ಮದ್ದು ಸುಲಭ: ಪ್ರತ್ಯೇಕ ಪವರ್ ಸಪ್ಲೈ, ಜೊತೆಗೆ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ (ಕರೆಂಟು ಕೂಡಿಟ್ಟು ಬೇಕಾದ ಕ್ಷಣಕ್ಕೆ ಕೊಡುವ ಬಿಡಿಭಾಗ). ಆದರೆ ಅವು ಮಂಜೂರಾದ ಪಟ್ಟಿಯಲ್ಲಿಲ್ಲ. ಪಟ್ಟಿ ತಿದ್ದಲು ಗೈಡ್, ಎಚ್‌ಒಡಿ, ಪ್ರಿನ್ಸಿಪಾಲರ ಸಹಿ ಬೇಕು, ಮೂರು ಕೊಟೇಶನ್ ಬೇಕು. ಮೂರನ್ನೂ ಒಬ್ಬನೇ ಅಂಗಡಿಯವನು ಮೂರು ಲೆಟರ್‌ಹೆಡ್ಡಿನಲ್ಲಿ ಕೂತಲ್ಲೇ ಬರೆದುಕೊಡುತ್ತಾನೆ. ಇಡೀ ಪ್ರಾಜೆಕ್ಟಿಗೆ ಸಕಾಲದಲ್ಲಿ ಸಿಗುವ ಬೆಂಬಲ ಅದೊಂದೇ.

ಸೆನ್ಸರಿನ ಕಥೆ ಬೇರೆ. ಒದ್ದೆ ಮಣ್ಣಿನಲ್ಲಿ ಹಲ್ಲುಗಳಿಗೆ ಸದಾ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ, ಕರೆಂಟು ಕೊಟ್ಟರೆ ವಿದ್ಯುದ್ವಿಭಜನೆಯಾಗಿ ಒಂದು ಹಲ್ಲಿನ ತಾಮ್ರ ಕೆಲವೇ ವಾರಗಳಲ್ಲಿ ಕರಗುತ್ತದೆ. ಅಳೆಯುವ ಕ್ಷಣಕ್ಕಷ್ಟೇ ಕರೆಂಟು ಕೊಡಬೇಕು. ಲೋಹ ಮಣ್ಣಿಗೆ ತಾಕದಂತೆ ಅಳೆಯುವ ಕೆಪಾಸಿಟಿವ್ ಸೆನ್ಸರ್ ಆದರೆ ಇನ್ನೂ ವಾಸಿ. ಇದು ಮೇಷ್ಟ್ರುಗಳಿಗೆ ಗೊತ್ತಿಲ್ಲವೆಂದಲ್ಲ. ಡೆಮೊ ಇರುವುದು ಹತ್ತು ನಿಮಿಷ, ಹಲ್ಲು ಅಷ್ಟು ಹೊತ್ತು ಖಂಡಿತ ಬಾಳುತ್ತದೆ.

ಆಮೇಲೆ ಹಳ್ಳಿ. 2014ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದ ಪ್ರಕಾರ, ಅದಕ್ಕೆ ಸೇರಿದ ಕಾಲೇಜು ಐದು ಹಳ್ಳಿ ದತ್ತು ತೆಗೆದುಕೊಳ್ಳುತ್ತದೆ. (ದತ್ತು ಹೋದ ವಿಷಯ ಹಳ್ಳಿಗೂ ತಿಳಿಸಿದರೆ ಚೆನ್ನಾಗಿತ್ತು.) ಬಸ್ಸು ಬರುತ್ತದೆ, ಬ್ಯಾನರ್ ಬಿಚ್ಚುತ್ತಾರೆ, ಕಾಲೇಜಿಗೆ ಗ್ರೇಡು ಕೊಡುವ ನ್ಯಾಕ್‌ನ ಕಡತಕ್ಕೆ ಅಕ್ಷಾಂಶ-ರೇಖಾಂಶ ಮೂಡಿದ ಫೋಟೊ ತೆಗೆಯುತ್ತಾರೆ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಪಾಠದಾಚೆಯ ಚಟುವಟಿಕೆಗೆಂದು ಕೇಳುವ 100 ಆ್ಯಕ್ಟಿವಿಟಿ ಪಾಯಿಂಟಿಗೂ ಅದೇ ಫೋಟೊ ಆಗುತ್ತದೆ.

ರೈತ ಎಲ್ಲವನ್ನೂ ಸಮಾಧಾನದಿಂದ ಕೇಳುತ್ತಾನೆ. ಅವನ ಪಂಪ್‌ಹೌಸಿನ ಗೋಡೆಯಲ್ಲಿ ಮೊಬೈಲ್ ಸ್ಟಾರ್ಟರ್ ನೇತಾಡಲು ಶುರುವಾಗಿ ವರ್ಷಗಳಾದವು. ಮನೆಯಿಂದಲೇ ಫೋನು ಮಾಡಿ ಮೋಟಾರು ಹಾಕುತ್ತಾನೆ. "ಸರ್, ತ್ರೀ ಫೇಸ್ ಬರೋದು ರಾತ್ರಿ. ನಿಮ್ಮ ಮಿಷನ್ನು ಮಧ್ಯಾಹ್ನ ನೀರು ಬೇಕು ಅಂದ್ರೆ ಕರೆಂಟು ಅದೇ ಕೊಡ್ತದಾ?" ಎನ್ನುತ್ತಾನೆ. ಬೋರು ಬತ್ತಿದ್ದರ ಮಾತು ಇನ್ನೂ ಬಂದಿಲ್ಲ, ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ರಿಪೋರ್ಟಿನ ಕೊನೆಯ ಅಧ್ಯಾಯ ಹೀಗಿರುತ್ತದೆ: 'ರೈತರಲ್ಲಿ ತಂತ್ರಜ್ಞಾನದ ಅರಿವಿನ ಕೊರತೆ ಕಂಡುಬಂದಿದೆ.'

ಮುಂದಿನ ಬ್ಯಾಚು ಈ ಸೆನ್ಸರನ್ನೇ ಸರಿಪಡಿಸಿ, ರಾತ್ರಿ ಕರೆಂಟಿಗೆ ಹೊಂದಿಸಿ, ಒಂದೇ ಒಂದು ಹೊಲದಲ್ಲಿ ವರ್ಷವಿಡೀ ಓಡಿಸಬಹುದಿತ್ತು. ಆದರೆ ಹಳೆಯ ಕೆಲಸ ಮುಂದುವರಿಸಿದರೆ ಅದು 'ರಿಪೀಟ್', ಹೊಸತನಕ್ಕೆ ಅಂಕವಿಲ್ಲ. ಪ್ರಾಜೆಕ್ಟಿನ ಅನುದಾನವಂತೂ ಅದನ್ನು ಮಾಡಿದ ಹುಡುಗರು ಕಂಪನಿ ಸೇರಿದ ಮೇಲೆ ಕಾಲೇಜಿನ ಖಾತೆಗೆ ಬಿದ್ದಿದೆ, ಬಳಕೆ ಪ್ರಮಾಣಪತ್ರಕ್ಕೆ ಟೀಮ್ ಲೀಡರಿನ ಸಹಿಗಾಗಿ ಆಫೀಸಿನವರು ವಾಟ್ಸ್‌ಆ್ಯಪ್ ಮಾಡುತ್ತಿದ್ದಾರೆ. ಈ ಸಲದ ಬ್ಯಾಚಿಗೆ ಗೈಡ್ ಹೊಸ ಶೀರ್ಷಿಕೆ ಕೊಟ್ಟಾಗಿದೆ: 'ಎಐ ಆಧಾರಿತ ಸ್ಮಾರ್ಟ್ ನೀರಾವರಿ'. ಪ್ಲಾಸ್ಟಿಕ್ ಹುಲ್ಲು ಸ್ಟೋರ್ ರೂಮಿನಲ್ಲಿದೆ, ತೊಳೆದುಕೊಂಡರಾಯಿತು.